‘ಡೈನೋಸಾರ್‌ಗೆ ಗರಿ ಇತ್ತಂತೆ ಅಜ್ಜಾ!’

ಮಗುವಿಗೆ ಕನ್ನಡ ಬರುತ್ತದಾ ಅಂತ ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾವೂ ‘ಓ, ಚೆನ್ನಾಗಿ ಬರುತ್ತೆ’ ಅನ್ನುತ್ತೇವೆ. ಊಟಕ್ಕೆ ಬಾ ಅಂದರೆ ಬರುತ್ತದೆ, ಚಪ್ಪಲಿ ತೆಗೆದಿಡು ಅಂದರೆ ಇಡುತ್ತದೆ (ಮೂರನೇ ಸಲಕ್ಕೆ), ಇನ್ನೇನು ಬೇಕು? ಈ ತಿಂಗಳು ನನ್ನದು ಬೇರೆ ಪ್ರಶ್ನೆ. ನಿಮ್ಮ ಮಗುವಿಗೆ ಕನ್ನಡದಲ್ಲಿ ವಾದ ಮಾಡಲು ಬರುತ್ತದಾ? ‘ನೀನು ಹೇಳಿದ್ದು ಸರಿಯಲ್ಲ ಅಮ್ಮಾ, ಯಾಕೆ ಅಂದರೆ…’ ಅಂತ ಶುರು ಮಾಡಿ, ಇಂಗ್ಲಿಷಿಗೆ ಜಾರದೆ ಕೊನೆ ಮುಟ್ಟಲು ಬರುತ್ತದಾ?

ಶಾರ್ಜಾದ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗನಿಗೆ ಹತ್ತು ವರ್ಷ. ಪ್ರತಿ ಭಾನುವಾರ ಬೋಟಿಮ್‌ನಲ್ಲಿ ಊರಿನ ಅಜ್ಜನಿಗೆ ವಿಡಿಯೊ ಕಾಲ್. ‘ಊಟ ಆಯ್ತಾ ಪುಟ್ಟಾ?’ ‘ಆಯ್ತು.’ ‘ಶಾಲೆ ಹೇಗಿದೆ?’ ‘ಚೆನ್ನಾಗಿದೆ.’ ಮುಗಿಯಿತು, ಫೋನು ಅಮ್ಮನ ಕೈಗೆ. ಅದೇ ಹುಡುಗ ಅರ್ಧ ಗಂಟೆ ಬಿಟ್ಟು ಗೆಳೆಯನ ಜೊತೆ ಜುರಾಸಿಕ್ ವರ್ಲ್ಡ್ ಸಿನಿಮಾದ ಬಗ್ಗೆ ಇಂಗ್ಲಿಷಿನಲ್ಲಿ ನಲವತ್ತು ನಿಮಿಷ ಉಸಿರು ಬಿಡದೆ ಮಾತಾಡುತ್ತಾನೆ. ‘ನನ್ನ ಮಗ ಮಾತು ಕಡಿಮೆ ಇರುವ ಹುಡುಗ ಅಂತ ನಮ್ಮಪ್ಪನಿಗೆ ಅನ್ನಿಸಿಬಿಟ್ಟಿದೆ’ ಅಂತ ಅವರು ಕೊನೆಗೆ ಸೇರಿಸಿದ ಸಾಲು ನನ್ನನ್ನು ಬಹಳ ದಿನ ಬಿಡಲಿಲ್ಲ. ಅಜ್ಜನಿಗೆ ಮೊಮ್ಮಗನ ಕನ್ನಡ ಸಿಕ್ಕಿದೆ, ಮೊಮ್ಮಗ ಸಿಕ್ಕಿಲ್ಲ.

ಆ ನಲವತ್ತು ನಿಮಿಷದಲ್ಲಿ ಹತ್ತು ನಿಮಿಷವಾದರೂ ಅಜ್ಜನ ಪಾಲಿಗೆ ಬರಬೇಕು. ಅದಕ್ಕೇ ಈ ಸಲ ಡೈನೋಸಾರ್ ಸಿನಿಮಾ.

ನಮ್ಮಲ್ಲಿ ಹಲವರು 1993ರ ‘ಜುರಾಸಿಕ್ ಪಾರ್ಕ್’ ಅನ್ನು ಊರಿನ ಟಾಕೀಸಿನಲ್ಲೋ, ಆಮೇಲೆ ಟಿವಿಯಲ್ಲೋ ನೋಡಿದವರು. ಇಂಗ್ಲಿಷ್ ನಮಗೆ ಅರ್ಧವೂ ಅರ್ಥವಾಗಿರಲಿಲ್ಲ. ದೊಡ್ಡಪ್ಪನ ಮಗ ಯಾರೋ ಒಬ್ಬ, ಅವನಿಗೂ ಅಷ್ಟೇ ಅರ್ಥವಾಗಿದ್ದರೂ, ದಾರಿಯುದ್ದಕ್ಕೂ ಕಥೆ ಬಿಡಿಸಿ ಹೇಳುತ್ತಿದ್ದ. ‘ಸೊಳ್ಳೆ ಡೈನೋಸಾರಿನ ರಕ್ತ ಕುಡಿದಿತ್ತು ಕಣೋ, ಆ ಸೊಳ್ಳೆ ಮರದ ಅಂಟಿನಲ್ಲಿ ಸಿಕ್ಕಿಕೊಂಡಿತು…’ ಅಂತ. ಸಿನಿಮಾ ಇಂಗ್ಲಿಷಿನದಾದರೂ ನಾವು ಅದನ್ನು ತಲೆಯಲ್ಲಿ ಇಟ್ಟುಕೊಂಡದ್ದು ಕನ್ನಡದಲ್ಲಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತದೆ. ಹಾಗಾಗಿ ಥಿಯೇಟರಿನಿಂದ ಹೊರಬಂದ ಮೇಲೆ ಕನ್ನಡಕ್ಕೆ ಕೆಲಸವೇ ಇಲ್ಲ. ಆ ಕೆಲಸವನ್ನು ನಾವೇ ಹುಡುಕಿ ಕೊಡಬೇಕು. ಅದಕ್ಕೆ ಸುಲಭದ ದಾರಿ, ಮಗುವಿಗೆ ಸಿಟ್ಟು ಬರುವ ಹಾಗೆ ಒಂದು ಅಭಿಪ್ರಾಯ ಹೇಳುವುದು.

ನನ್ನದು ಕೇಳಿ. ಜುರಾಸಿಕ್ ಸರಣಿಯಲ್ಲಿ 2025ರ ‘ರೀಬರ್ತ್’ ಸೇರಿ ಈವರೆಗೆ ಏಳು ಸಿನಿಮಾ ಬಂದಿವೆ. ನನ್ನ ಲೆಕ್ಕದಲ್ಲಿ ಮೊದಲನೆಯದೇ ಸಿನಿಮಾ, ಉಳಿದ ಆರೂ ಅದರ ನೆರಳು. ಎರಡು ಗಂಟೆ ಮೀರಿದ ಆ ಸಿನಿಮಾದಲ್ಲಿ ಡೈನೋಸಾರ್‌ಗಳು ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಹದಿನೈದು ನಿಮಿಷ, ಅಷ್ಟೇ. ಉಳಿದದ್ದೆಲ್ಲ ಕಾಯುವುದು. ಲೋಟದ ನೀರಿನಲ್ಲಿ ಅಲೆ ಏಳುತ್ತದಲ್ಲ, ಅಲ್ಲಿ ಆದ ಭಯ ಮುಂದೆ ಎಷ್ಟು ದೊಡ್ಡ ಬಾಯಿ ತೆರೆದರೂ ಆಗಲಿಲ್ಲ. (ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿ ಆ ಅಲೆ ಬರಿಸಿದರಂತೆ.) 2022ರ ‘ಡೊಮಿನಿಯನ್’ನಲ್ಲಂತೂ ಡೈನೋಸಾರಿಗೆ ಟಿಕೆಟ್ ತೆಗೆದುಕೊಂಡು ಮಿಡತೆ ನೋಡಿ ಬಂದೆವು. ಇನ್ನು 2015ರ ಇಂಡಾಮಿನಸ್, 2018ರ ಇಂಡೋರ‍್ಯಾಪ್ಟರ್, 2025ರ ಡಿಸ್ಟಾರ್ಟಸ್. ಇರುವ ಡೈನೋಸಾರ್ ಸಾಲದೆ ಕಸಿ ಕಟ್ಟಿದ ಡೈನೋಸಾರ್! ಮಾವಿಗೆ ಕಸಿ ಕಟ್ಟಿದರೆ ರುಚಿಯಾದರೂ ಬರುತ್ತದೆ. ನಮ್ಮ ಮನೆಯವರಿಗೆ 2015ರದ್ದೇ ಇಷ್ಟ. ಕಾರಣ ಇರ್ಫಾನ್ ಖಾನ್, ಡೈನೋಸಾರ್ ಅಲ್ಲ.

ಇಷ್ಟು ಹೇಳಿದ್ದೇ ತಡ, ನನ್ನ ಒಂಬತ್ತು ವರ್ಷದವನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟಿನೊಳಗೇ ಎದ್ದು ನಿಂತ ಹಾಗೆ ಮಾಡಿದ. ‘ಅಮ್ಮಾ, ರೀಬರ್ತ್ ಈಸ್ ಬೆಟರ್. ನದಿಯಲ್ಲಿ ಟಿ. ರೆಕ್ಸ್ ಬೋಟ್ ಚೇಸ್ ಮಾಡುತ್ತಲ್ಲ, ಅದು ಬೆಸ್ಟ್.’ ಆ ದೃಶ್ಯ ಹೊಸದೇನಲ್ಲ, ಮೈಕೆಲ್ ಕ್ರೈಟನ್ ಅವರ 1990ರ ಕಾದಂಬರಿಯಲ್ಲೇ ಇತ್ತು, ಮೊದಲ ಸಿನಿಮಾಕ್ಕೆ ಬರಲಿಲ್ಲ ಅಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, ‘ಪುಸ್ತಕದಲ್ಲಿ ಇದ್ರೆ ಆಯ್ತಾ? ಅವರು ಮಾಡ್ಲಿಲ್ಲ. ಇವರು ಮಾಡಿದ್ರು’ ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡನೇ ಮಾತು ಪೂರ್ತಿ ಕನ್ನಡದಲ್ಲಿತ್ತು ಅನ್ನುವುದು ಅವನಿಗೆ ಗೊತ್ತೇ ಆಗಲಿಲ್ಲ. ಗೆಲ್ಲುವ ಹುಮ್ಮಸ್ಸಿನಲ್ಲಿ ಮಕ್ಕಳು ಎದುರಿನವರ ಭಾಷೆಯಲ್ಲೇ ಹೊಡೆಯುತ್ತಾರೆ. ನೀವು ಕನ್ನಡದಲ್ಲಿ ವಾದಿಸಿದರೆ ಕನ್ನಡದಲ್ಲೇ ಏಟು ಬರುತ್ತದೆ. ಟಿ. ರೆಕ್ಸ್, ಬೋಟ್, ಚೇಸ್ ಇವೆಲ್ಲ ಇಂಗ್ಲಿಷಿನಲ್ಲೇ ಇರಲಿ ಬಿಡಿ. ‘ಡೈನೋಸಾರ್’ಗೆ ಕನ್ನಡ ಪದ ಹುಡುಕಿ ಮಗುವಿನ ಉತ್ಸಾಹಕ್ಕೆ ನೀರು ಹಾಕಬೇಡಿ. ನಮಗೆ ಬೇಕಾದದ್ದು ವಾಕ್ಯದ ಕೊನೆ, ಕ್ರಿಯಾಪದ. ಕನ್ನಡ ಕೂತಿರುವುದು ಅಲ್ಲಿ.

ಒಂದು ದಿನ ಮನೆಯಲ್ಲಿ ನೀವು ಆಡುವ ಕನ್ನಡ ಎಣಿಸಿ ನೋಡಿ. ಬಾ, ಹೋಗು, ತಿನ್ನು, ಮಲಗು, ಐಪ್ಯಾಡ್ ಇಡು. ಎಲ್ಲ ಅಪ್ಪಣೆಯೇ. ಇದನ್ನು ಕೇಳಿ ಬೆಳೆದ ಮಗುವಿಗೆ ‘ಆಗಿದ್ದರೆ ಆಗುತ್ತಿತ್ತು’ ಅನ್ನುವ ರೂಪ ಎಲ್ಲಿಂದ ಬರಬೇಕು? ವಿಜ್ಞಾನ ಕಥೆ ನಡೆಯುವುದೇ ಆ ಒಂದು ‘-ದ್ದರೆ’ಯ ಮೇಲೆ. ಸೊಳ್ಳೆ ಅಂಟಿನಲ್ಲಿ ಸಿಕ್ಕಿಕೊಂಡಿದ್ದರೆ. ಅದರ ಹೊಟ್ಟೆಯ ರಕ್ತ ಕೆಡದೆ ಉಳಿದಿದ್ದರೆ. ಕಾಲಯಂತ್ರ ಇದ್ದಿದ್ದರೆ. ನಾವು ಮಂಗಳ ಗ್ರಹದಲ್ಲಿ ಹುಟ್ಟಿದ್ದರೆ ಅಜ್ಜಿಮನೆಗೆ ಹೋಗಲು ಎಷ್ಟು ತಿಂಗಳು ಬೇಕಾಗುತ್ತಿತ್ತು? ಈ ರೂಪ ನಾಲಿಗೆಗೆ ಬರದ ಮಗು ದೊಡ್ಡದಾದ ಮೇಲೆ ‘ನೀವು ಅವತ್ತು ಹಾಗೆ ಹೇಳದೇ ಇದ್ದಿದ್ದರೆ ನನಗೆ ಬೇಜಾರಾಗುತ್ತಿರಲಿಲ್ಲ’ ಅನ್ನುವುದನ್ನೂ ಇಂಗ್ಲಿಷಿನಲ್ಲೇ ಹೇಳಬೇಕಾಗುತ್ತದೆ, ಅಥವಾ ಹೇಳದೆ ಬಿಡುತ್ತದೆ.

ನನ್ನ ಮಗ ಮೊದಮೊದಲು ‘ಟಿ. ರೆಕ್ಸ್ ಇವಾಗ ಇದ್ದರೆ ಶೇಖ್ ಜಾಯೆದ್ ರೋಡಲ್ಲಿ ಸ್ಪೀಡ್ ಕ್ಯಾಮರಾ ಹಿಡಿಯುತ್ತೆ’ ಅನ್ನುತ್ತಿದ್ದ. ತಿದ್ದಲಿಲ್ಲ. ‘ಹೌದು ಮಾರಾಯ, ಇದ್ದಿದ್ದರೆ ಹಿಡಿಯುತ್ತಿತ್ತು, ದಂಡ ಯಾರು ಕಟ್ಟುತ್ತಿದ್ದರು?’ ಅಂತ ಸರಿ ರೂಪದಲ್ಲಿ ಕಥೆ ಮುಂದುವರಿಸುತ್ತಿದ್ದೆ. ಕೆಲವು ವಾರಗಳಲ್ಲಿ ‘ಹಿಡಿಯುತ್ತಿತ್ತು’ ಅವನ ಬಾಯಿಗೂ ಬಂತು. ವ್ಯಾಕರಣ ಪುಸ್ತಕ ಅವನ ಬಳಿ ಸುಳಿದಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ಸಂಘದವರು ನಡೆಸುವ ಕನ್ನಡ ಪಾಠಶಾಲೆಯಂಥ ಕಡೆ ಮಕ್ಕಳಿಗೆ ಅಕ್ಷರ, ಓದು, ಬರಹ ಸಿಗುತ್ತದೆ, ದೊಡ್ಡ ಉಪಕಾರ. ಆದರೆ ಹರಟೆ ಮನೆಯದೇ ಆಗಬೇಕು.

ಇನ್ನೊಂದು ಸಣ್ಣ ಪ್ರತ್ಯಯ ಇದೆ, ನನಗೆ ಬಹಳ ಪ್ರೀತಿಯದು. ‘ಅಂತೆ’. ಮಳೆ ಬಂತು ಅಂದರೆ ನಾನು ನೋಡಿದೆ. ಮಳೆ ಬಂತಂತೆ ಅಂದರೆ ಯಾರೋ ಹೇಳಿದರು, ನಾನು ನೋಡಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ನಾಲ್ಕು ಪದ ಸೇರಿಸಬೇಕು, ನಮಗೆ ಬಾಲಕ್ಕೆ ಎರಡಕ್ಷರ ಸಾಕು. ಡೈನೋಸಾರನ್ನು ನೋಡಿದವರು ಯಾರೂ ಇಲ್ಲ. ಹಾಗಿರುವಾಗ ಇಡೀ ವಿಷಯವೇ ‘ಅಂತೆ’ಯ ವಿಷಯ! ಸಿನಿಮಾ ಮಾತ್ರ ಎಲ್ಲವನ್ನೂ ‘ಇತ್ತು’ ಅಂತ ಹೇಳಿಬಿಡುತ್ತದೆ. ವೆಲಾಸಿರ‍್ಯಾಪ್ಟರ್ ಮನುಷ್ಯನಷ್ಟು ಎತ್ತರ ಇತ್ತು, ಮೈಯೆಲ್ಲ ಮೊಸಳೆ ಚರ್ಮ ಇತ್ತು. ನಿಜದಲ್ಲಿ ಅದು ಟರ್ಕಿ ಕೋಳಿಯ ಗಾತ್ರದ್ದು, ಮಂಗೋಲಿಯದ್ದು. ಅದರ ಮುಂಗೈ ಮೂಳೆಯ ಮೇಲೆ ಗರಿ ಅಂಟಿಕೊಂಡಿದ್ದ ಗುಬುಟುಗಳ ಸಾಲನ್ನು ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಡೈಲೊಫೋಸಾರಸ್ ಕುತ್ತಿಗೆಯ ಸುತ್ತ ಕೊಡೆಯಂತೆ ಬಿಚ್ಚಿ ವಿಷ ಉಗುಳುತ್ತದಲ್ಲ, ಆ ಕೊಡೆಗೂ ವಿಷಕ್ಕೂ ಪಳೆಯುಳಿಕೆಯಲ್ಲಿ ಆಧಾರವೇ ಇಲ್ಲ. ಅಷ್ಟೇಕೆ, ‘ಜುರಾಸಿಕ್’ ಅಂತ ಹೆಸರಿಟ್ಟ ಪಾರ್ಕಿನ ಹೀರೊ ಟಿ. ರೆಕ್ಸ್ ಜುರಾಸಿಕ್ ಕಾಲದ್ದೇ ಅಲ್ಲ, ಕ್ರಿಟೇಷಿಯಸ್ ಕಾಲದ ಕೊನೆಯದು.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ಆಟ. ಸಿನಿಮಾದ ಒಂದು ಸಂಗತಿ ಹೇಳಬೇಕು, ಬಾಲ ಸರಿಯಾಗಿ ಹಚ್ಚಬೇಕು. ಮೂಳೆ ಕಣ್ಣಾರೆ ಕಂಡಿದ್ದರೆ ‘ಇದೆ’. ಯಾರೋ ಹೇಳಿದ್ದು, ನಾವು ಓದಿದ್ದು ‘ಇತ್ತಂತೆ’. ಮೂಳೆ ನೋಡಿ ಊಹಿಸಿದ್ದು ‘ಇದ್ದಿರಬೇಕು’. ಗಟ್ಟಿಯಿಲ್ಲದ್ದು ‘ಇದ್ದಿರಬಹುದು’. ಸಿನಿಮಾದವರು ಸುಮ್ಮನೆ ಸೇರಿಸಿದ್ದು ‘ಬುರುಡೆ’. ಒಂಬತ್ತು ವರ್ಷದವನಿಗೆ ಬುರುಡೆ ಅನ್ನುವ ಪದ ಎಷ್ಟು ಹಿಡಿಸಿತೆಂದರೆ ಈಗ ಹೋಮ್‌ವರ್ಕ್ ಬಗ್ಗೆ ನಾನು ಹೇಳುವ ಎಷ್ಟೋ ಮಾತಿಗೂ ಅದೇ ತೀರ್ಪು.

ಈ ಆಟ ಆಡಲು ಒಳ್ಳೆಯ ಜಾಗ ನಮಗೆ ಈಗ ಹತ್ತಿರದಲ್ಲೇ ಸಿಕ್ಕಿದೆ. ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ 2025ರ ನವೆಂಬರ್ 22ರಂದು ತೆರೆದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಅಲ್ಲಿ ‘ಸ್ಟ್ಯಾನ್’ ಇದೆ. 1987ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಸಿಕ್ಕ ಟಿ. ರೆಕ್ಸ್, ಉದ್ದ 11.7 ಮೀಟರ್. 2020ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 3.18 ಕೋಟಿ ಡಾಲರ್. ವಯಸ್ಸು 6.7 ಕೋಟಿ ವರ್ಷ. ಸಿನಿಮಾದ ಟಿ. ರೆಕ್ಸ್ ನೋಡಿದ ಮಕ್ಕಳು ಇದರ ಮುಂದೆ ನಿಂತಾಗ ಮೊದಲು ಸ್ವಲ್ಪ ನಿರಾಶರಾಗುತ್ತಾರೆ, ಅಲ್ಲಾಡುವುದಿಲ್ಲವಲ್ಲ. ಆಗ ತಲೆಬುರುಡೆ, ಕುತ್ತಿಗೆ ತೋರಿಸಿ. ಅಲ್ಲಿರುವ ಗಾಯದ ಗುರುತು ಇನ್ನೊಂದು ಟಿ. ರೆಕ್ಸ್ ಕಚ್ಚಿದ್ದಿರಬೇಕು ಅನ್ನುತ್ತಾರೆ. ‘ಯಾಕೆ ಕಚ್ಚಿರಬಹುದು?’ ಅಂತ ಕೇಳಿ ಸುಮ್ಮನಾಗಿ. ದುಬೈಗೆ ವಾಪಸ್ ಬರುವ ಒಂದೂವರೆ ಗಂಟೆ ಸಾಲುವುದಿಲ್ಲ.

ಅಂಕಿಯ ವಿಷಯ ಬಂತಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಮಿಲಿಯನ್ ಕಲಿಯುತ್ತಾರೆ. ಅಜ್ಜನಿಗೆ ‘ಸಿಕ್ಸ್ಟಿ ಸೆವೆನ್ ಮಿಲಿಯನ್’ ಅಂದರೆ ಆ ಕಡೆ ಮೌನ. ‘ಆರು ಕೋಟಿ ಎಪ್ಪತ್ತು ಲಕ್ಷ ವರ್ಷ ಅಜ್ಜಾ’ ಅಂದರೆ ‘ಅಬ್ಬಬ್ಬಾ!’ ಬರುತ್ತದೆ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಲಕ್ಷ ಒಂದು ಕೋಟಿ. ಡೈನೋಸಾರ್ ಬಿಟ್ಟರೆ ಇಷ್ಟು ದೊಡ್ಡ ಲೆಕ್ಕ ಮಕ್ಕಳಿಗೆ ಕನ್ನಡದಲ್ಲಿ ಬೇಕಾಗುವುದು ಇನ್ನೆಲ್ಲಿ? ಅದೇ ಅಬುಧಾಬಿಯ ಅಲ್ ದಫ್ರಾ ಮರಳುಗಾಡಿನಲ್ಲಿ, ಮ್ಲೈಸಾ ಎಂಬಲ್ಲಿ, ಸುಮಾರು 70 ಲಕ್ಷ ವರ್ಷ ಹಳೆಯ ಹೆಜ್ಜೆಗುರುತುಗಳಿವೆ. ಡೈನೋಸಾರಿನದೇ ಇರಬೇಕು ಅಂತ ಅಲ್ಲಿಯವರು ಅಂದುಕೊಂಡಿದ್ದರಂತೆ. ನೋಡಿದರೆ ಆನೆ! ಕನಿಷ್ಠ 13 ಆನೆಗಳ ಹಿಂಡು ಒದ್ದೆ ಮಣ್ಣಿನಲ್ಲಿ ನಡೆದುಹೋದ ದಾರಿ ಹಾಗೇ ಕಲ್ಲಾಗಿದೆ. ನಾಗರಹೊಳೆಯ ಆನೆ ನೋಡಿದ ಮಗುವಿಗೆ, ಮರಳುಗಾಡಿನಲ್ಲಿ ಆನೆ ಇತ್ತು, ಹೊಳೆ ಇತ್ತು ಅಂದರೆ ಅದಕ್ಕಿಂತ ದೊಡ್ಡ ವಿಜ್ಞಾನ ಕಥೆ ಬೇಡ.

ಆನೆ ಅಂದಾಗ ನೆನಪಾಯಿತು. ಸಿನಿಮಾದ ಟಿ. ರೆಕ್ಸ್ ಕೂಗಿಗೆ ಮರಿ ಆನೆಯ ಧ್ವನಿಯನ್ನೂ ಬೆರೆಸಿದ್ದಾರೆ. ಕನ್ನಡದಲ್ಲಿ ಹುಲಿ ಗರ್ಜಿಸುತ್ತದೆ, ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ, ಹಾವು ಬುಸುಗುಡುತ್ತದೆ. ಟಿ. ರೆಕ್ಸ್ ಏನು ಮಾಡುತ್ತದೆ? ನಿಮ್ಮ ಮಕ್ಕಳನ್ನು ಕೇಳಿ ನನಗೆ ಬರೆಯಿರಿ. ನಮ್ಮಲ್ಲಿ ಮಗಳು ‘ಗುಡುಗುತ್ತದೆ’ ಅಂದಳು, ಮಗ ‘ಘರ್ಜಿಸುತ್ತದೆ’ ಅಂತ ಹೊಸ ಕಾಗುಣಿತವನ್ನೇ ಹುಟ್ಟಿಸಿದ.

ಸರಿ, ಅಜ್ಜನಿಗೆ ಬರೋಣ. ಫೋನಿನ ಆ ಕಡೆಯವರಿಗೂ ಸ್ವಲ್ಪ ತಯಾರಿ ಬೇಕು. ನಮ್ಮ ಮಾವನವರಿಗೆ ನಾನು ಮೊದಲೇ ಹೇಳಿಟ್ಟಿದ್ದೆ: ಊಟ, ಶಾಲೆ ಕೇಳಬೇಡಿ, ‘ಆ ಸಿನಿಮಾದಾಗ ಏನಾತು ಹೇಳು’ ಅನ್ನಿ, ಮಧ್ಯೆ ಇಂಗ್ಲಿಷ್ ಬಂದರೆ ‘ಹಂಗಂದ್ರ ಏನೋ?’ ಅಂತ ಮಾತ್ರ ಕೇಳಿ, ಬೈಯಬೇಡಿ. ಅಜ್ಜನಿಗೆ ಗೊತ್ತಿಲ್ಲದ ಒಂದು ವಿಷಯ ತನಗೆ ಗೊತ್ತು ಅನ್ನುವುದು ಮಗುವಿಗೆ ಭಾರಿ ಬಲ. ಅಲ್ಲಿಯವರೆಗೆ ಕನ್ನಡದಲ್ಲಿ ಅವನು ಯಾವಾಗಲೂ ಚಿಕ್ಕವನು, ಅವತ್ತು ಅವನೇ ಮೇಷ್ಟ್ರು.

ಅಜ್ಜನಿಗೆ ಹೇಳಲು ಊರಿನ ಸರಕೂ ಇದೆ. ‘ರೀಬರ್ತ್’ನಲ್ಲಿ ಕಡಲು, ನೆಲ, ಆಕಾಶ ಮೂರರ ದೈತ್ಯಪ್ರಾಣಿಗಳ ರಕ್ತ ಹುಡುಕಿ ಹೋಗುತ್ತಾರೆ. ಮೂರರಲ್ಲಿ ನಿಜವಾದ ಡೈನೋಸಾರ್ ಒಂದೇ, ಹುಲ್ಲಿನ ಬಯಲಲ್ಲಿ ಉದ್ದ ಬಾಲ ಬೀಸುವ ಟೈಟಾನೋಸಾರಸ್. (ಮೊಸಾಸಾರಸ್, ಕ್ವೆಟ್ಜಾಲ್ಕೋಟ್ಲಸ್ ಡೈನೋಸಾರ್ ಅಲ್ಲ ಅಂತ ನಿಮ್ಮ ಮಗು ಈಗಾಗಲೇ ನಿಮ್ಮನ್ನು ತಿದ್ದಿರುತ್ತದೆ.) ಆ ಟೈಟಾನೋಸಾರಸ್ ಹೆಸರು ಹುಟ್ಟಿದ್ದೇ ನಮ್ಮ ದೇಶದ ಮೂಳೆಯಿಂದ. 1828ರಲ್ಲಿ ಜಬಲ್ಪುರದಲ್ಲಿ ಸಿಕ್ಕ ಬಾಲದ ಮೂಳೆಗಳಿಗೆ ರಿಚರ್ಡ್ ಲಿಡೆಕರ್ 1877ರಲ್ಲಿ ‘ಟೈಟಾನೋಸಾರಸ್ ಇಂಡಿಕಸ್’ ಅಂತ ಹೆಸರಿಟ್ಟರು. ಗುಜರಾತಿನಲ್ಲಿ ಸಿಕ್ಕ ಕೊಂಬಿನ ಮಾಂಸಾಹಾರಿಗೆ 2003ರಲ್ಲಿ ‘ರಾಜಾಸಾರಸ್’ ಅಂತಲೇ ನಾಮಕರಣವಾಯಿತು. ರಾಜ ಅಂದರೇನು ಅಂತ ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾವನವರ ಊರು ವಿಜಯಪುರ ಜಿಲ್ಲೆ. ಮೊಮ್ಮಗ ಇದನ್ನೆಲ್ಲ ಒದರಿ ಮುಗಿಸಿದ ಮೇಲೆ ಅವರು ಕೇಳಿದರು: ‘ಅಲ್ಲೋ ತಮ್ಮಾ, ಹಂಗಾದ್ರ ನಮ್ಮ ಹೊಲದಾಗ ಒಂದು ಎಲುಬರೆ ಯಾಕ ಸಿಗಲಿಲ್ಲ?’ ಎಂಥ ಪ್ರಶ್ನೆ ನೋಡಿ! ಉತ್ತರ ಹುಡುಕಲು ಒಂದು ವಾರ ಹಿಡಿಯಿತು. ಡೈನೋಸಾರ್‌ಗಳ ಕಾಲ ಮುಗಿಯುವ ಹೊತ್ತಿಗೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ದಖ್ಖನ್ನಿನ ಮೇಲೆ ಲಾವಾ ಪದರ ಪದರವಾಗಿ ಹರಿಯಿತು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಅದೇ. ಆ ಕಲ್ಲು ಸವೆದು ಆದದ್ದೇ ಎರೆಮಣ್ಣು. ಲಾವಾದಲ್ಲಿ ಮೂಳೆ ಉಳಿಯುವುದಿಲ್ಲ. ಲಾವಾದ ಕೆಳಗೋ ಎರಡು ಪದರದ ನಡುವೆಯೋ ಕೆರೆ, ಹೊಳೆಯ ಕೆಸರು ಕೂತ ಕಡೆ ಮಾತ್ರ ಸಿಗಬಹುದು, ಜಬಲ್ಪುರದಲ್ಲಿ ಸಿಕ್ಕ ಹಾಗೆ. ಬೆಂಗಳೂರಿನವರಿಗೆ ಆ ಆಸೆಯೂ ಬೇಡ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಡೈನೋಸಾರ್ ಅದಕ್ಕೆ ನಿನ್ನೆ ಮೊನ್ನೆಯ ಕೂಸು. ಮುಂದಿನ ಭಾನುವಾರ ಮಗ ಅಜ್ಜನಿಗೆ ಹೇಳಿದ: ‘ಅಜ್ಜಾ, ನೀನು ಜೋಳ ಬೆಳೀತೀಯಲ್ಲ, ಅದು ಲಾವಾ ಮೇಲೆ. ಡೈನೋಸಾರ್ ಸಾಯುವಾಗ ಬಂದ ಲಾವಾ ಅಂತೆ.’ ಅಜ್ಜ ಹೊಲದಿಂದ ಒಂದು ಹೆಂಟೆ ತಂದು ಕ್ಯಾಮರಾಕ್ಕೆ ಹಿಡಿದರು. ಆ ಕಾಲ್ 26 ನಿಮಿಷ ನಡೆಯಿತು.

ಕನ್ನಡಕ್ಕೆ ಡಬ್ ಆದ ಸಿನಿಮಾ ತೋರಿಸಬಹುದಲ್ಲ ಅಂತ ಕೆಲವರು ಕೇಳುತ್ತೀರಿ. ತೋರಿಸಿ. 2022ರ ‘ಅವತಾರ್’ ಎರಡನೇ ಭಾಗ ಕನ್ನಡದಲ್ಲೂ ಬಂದಿತ್ತು. ಕಿವಿಗೆ ಒಳ್ಳೆಯದು. ಆದರೆ ಡಬ್ ಸಿನಿಮಾ ಮಗುವಿಗೆ ಕನ್ನಡ ಕೇಳಿಸುತ್ತದೆ, ಆಡಿಸುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರಿಗೂ ಇದೇ ಮಾತು, ವಾದ ನಿಮ್ಮ ಮನೆಮಾತಿನಲ್ಲೇ ನಡೆಯಲಿ.

ಹದಿಮೂರು ದಾಟಿದವರಿಗೆ ಡೈನೋಸಾರ್ ‘ಚಿಕ್ಕಮಕ್ಕಳದ್ದು’. ಅವರಿಗೆ ‘ಡ್ಯೂನ್’ ಇದೆ. ಅದರ ಅರಾಕಿಸ್ ಗ್ರಹದ ಮರಳು ನಮ್ಮ ಲಿವಾದ್ದು. ‘ಲಿಸಾನ್’ ಅಂದರೆ ನಾಲಿಗೆ ಅಂತ ಶಾಲೆಯ ಅರೇಬಿಕ್ ಕ್ಲಾಸಿನಿಂದಲೇ ನನ್ನ ಮಗಳಿಗೆ ಹೊಳೆದಾಗ ಅವಳ ಮುಖ ನೋಡಬೇಕಿತ್ತು. ಆದರೆ ಆ ವಯಸ್ಸಿಗೆ ನಾನು ಕೊಡುವುದು ಒಂದು ಪುಸ್ತಕ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರದ್ದು. ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ಕಿವಿ ಅನ್ನುವ ನಾಯಿ, ಬಿರಿಯಾನಿ ಕರಿಯಪ್ಪ, ಎಲ್ಲ ಸೇರಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಕೋಟಿ ವರ್ಷಗಳ ಹಿಂದಿನದ್ದೊಂದು ಕಣ್ಣೆದುರು ಬಂದರೆ ಏನಾಗುತ್ತದೆ ಅನ್ನುವುದೇ ಇಲ್ಲೂ ಇರುವುದು. ಪಾರ್ಕು ಇಲ್ಲ, ಬೇಲಿ ಇಲ್ಲ, ನಗು ಬೇಕಾದಷ್ಟಿದೆ. ಕೊನೆ ನಾನು ಹೇಳುವುದಿಲ್ಲ. ಹಾರುವ ಓತಿ ಬುರುಡೆಯಲ್ಲ, ನನ್ನ ತವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಈಗಲೂ ಮರದಿಂದ ಮರಕ್ಕೆ ತೇಲುತ್ತದೆ. ಮಗಳಿಗೆ ಓದಲು ಬಂದರೂ ನಾನೇ ಗಟ್ಟಿಯಾಗಿ ಓದುತ್ತೇನೆ, ರಾತ್ರಿ ನಾಲ್ಕೈದು ಪುಟ. ತೆಳ್ಳನೆಯ ಪುಸ್ತಕ, ಊರಿನಿಂದ ಬರುವವರ ಬ್ಯಾಗಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಪಕ್ಕ ಹಿಡಿಯುತ್ತದೆ.